ತಾಜಾ ಬಾಟಲಿ

ಬೆಳಿಗ್ಗೆ ಎಂಟಕ್ಕೆ ನನ್ನನ್ನು ಕೊಲೆಗಡುಕಿ ಎಂದು ಕರೆಯಲು ನಮ್ಮ ಪ್ರಯೋಗಾಲಯದ ಗೇಟಿನಲ್ಲಿ ಒಬ್ಬರು ತಪ್ಪದೆ ಹಾಜರಿರುತ್ತಾರೆ. ನಿವೃತ್ತ ಗಣಿತದ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲಿ 'ಭ್ರೂಣವೂ ಮನುಷ್ಯನೇ' ಎಂದು ಬರೆದ ರಟ್ಟು. ಅವರ ಹಿಂದೆ ಹತ್ತು ಹನ್ನೆರಡು ಜನ. ಉಳಿದ ಸಿಬ್ಬಂದಿ ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ನಾನು ನಿಂತು ಉತ್ತರ ಕೊಡುತ್ತೇನೆ, ಹಾಗಾಗಿ ಮೇಷ್ಟ್ರಿಗೆ ನನ್ನ ಮೇಲೆ ವಿಶೇಷ ಪ್ರೀತಿ.

"ಇವತ್ತು ಎಷ್ಟು ಕೂಸು ಕೊಲ್ತೀರಮ್ಮ?"

"ಸದ್ಯಕ್ಕೆ ನಿಮ್ಮೊಬ್ಬರ ಮೇಲೇ ಮನಸ್ಸಿದೆ ಮೇಷ್ಟ್ರೇ."

ಅವರು ಹೇಳುವ ಕೂಸು ಬರಿಗಣ್ಣಿಗೆ ಕಾಣುವುದಿಲ್ಲ. ಮಕ್ಕಳಾಗದ ದಂಪತಿಗೆ ಚಿಕಿತ್ಸೆ ಕೊಡುವಾಗ ಗಾಜಿನ ತಟ್ಟೆಯಲ್ಲಿ ಕೆಲವು ಭ್ರೂಣಗಳು ಹೆಚ್ಚಾಗಿ ಉಳಿಯುತ್ತವೆ. ಅವನ್ನು ಬಿಸಾಡಬೇಕು, ಇಲ್ಲವೇ ಸಂಶೋಧನೆಗೆ ಕೊಡಬೇಕು. ಹಾಗೆ ಯಾರೋ ಸಹಿ ಹಾಕಿ ಕೊಟ್ಟ ಐದು ದಿನದ ಒಂದು ಭ್ರೂಣದಿಂದ ಹನ್ನೊಂದು ವರ್ಷದ ಹಿಂದೆ ಕಾಂಡಕೋಶಗಳನ್ನು ತೆಗೆದರು. ಕಾಂಡಕೋಶವೆಂದರೆ ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಕೋಶ. ಸರಿಯಾಗಿ ಸಾಕಿದರೆ ಹೃದಯವೂ ಆದೀತು, ಚರ್ಮವೂ ಆದೀತು. ನಾವು ಅದರಿಂದ ಕಣ್ಣಿನ ಹಿಂಪದರದ ಕೋಶಗಳನ್ನು ಬೆಳೆಸುತ್ತೇವೆ. ಬಿಸಾಡುವುದನ್ನು ಬಳಸಿದರೆ ಪಾಪವೇ ಎಂದು ನಾನು ಮೇಷ್ಟ್ರನ್ನು ಕೇಳುತ್ತೇನೆ. ಬಿಸಾಡುವಷ್ಟು ಮಾಡಿದ್ದೇ ಪಾಪ ಎಂದು ಅವರು ಹೇಳುತ್ತಾರೆ. ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅದನ್ನು ಅವರೆದುರು ಒಪ್ಪಿಕೊಳ್ಳುವಷ್ಟು ಒಳ್ಳೆಯ ಹೆಂಗಸೂ ನಾನಲ್ಲ.

ನನ್ನ ಕೆಲಸ ಕೋಶಗಳಿಗೆ ಊಟ ಹಾಕುವುದು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಗುಲಾಬಿ ಬಣ್ಣದ ಪೋಷಕ ದ್ರವವನ್ನು ತಟ್ಟೆಗೆ ಹಾಕಬೇಕು, ಹಳತನ್ನು ಹೀರಿ ತೆಗೆಯಬೇಕು. ಕೋಶಗಳು ಹಸಿದರೆ ದ್ರವ ಹಳದಿಯಾಗುತ್ತದೆ. ಅವಕ್ಕೆ ಭಾನುವಾರವಿಲ್ಲ, ರಜೆಯಿಲ್ಲ, ನೆಂಟರ ಮದುವೆಯಿಲ್ಲ, ಹಾಗಾಗಿ ನನಗೂ ಇಲ್ಲ. ಲ್ಯಾಬಿನಲ್ಲಿ ನನ್ನನ್ನು ಬಾಣಂತಿ ಎಂದು ಕರೆಯುತ್ತಾರೆ. ಮದುವೆಯೇ ಆಗದ ಐವತ್ತರ ಹೆಂಗಸಿಗೆ ಇಂಥ ಹೆಸರಿಟ್ಟವರ ನಾಲಿಗೆ ಸೇದಿಹೋಗಲಿ ಎಂದು ಮೊದಮೊದಲು ಅನ್ನಿಸುತ್ತಿತ್ತು, ಈಗ ಕರೆದರೆ ತಿರುಗಿ ನೋಡುತ್ತೇನೆ.

ಈ ಕೆಲಸದಲ್ಲಿ ಒಂದು ನಿಯಮ ಎಲ್ಲಕ್ಕಿಂತ ದೊಡ್ಡದು. ಗಾಳಿ ಸೋಸುವ ಗಾಜಿನ ಪೆಟ್ಟಿಗೆಯೊಳಗೆ ಒಂದು ಹೊತ್ತಿಗೆ ಒಂದೇ ಬಗೆಯ ಕೋಶ ತೆರೆಯಬೇಕು, ಪ್ರತಿಯೊಂದು ಬಗೆಗೂ ಅದರದೇ ಬಾಟಲಿ ಇರಬೇಕು. ಒಳಗಿನ ದ್ರವ ಒಂದೇ ಆದರೂ ಬಾಟಲಿ ಬೇರೆ. ರೋಗಿಗಳ ಕಣ್ಣಿಗೆ ಹೋಗುವ ಕೋಶಗಳ ಬಾಟಲಿಗೆ ನೀಲಿ ಪಟ್ಟಿ. ಔಷಧಿ ಪರೀಕ್ಷೆಗೆಂದು ಬೆಳೆಸುವ ಕೋಶಗಳ ಬಾಟಲಿಗೆ ಕಪ್ಪು ಪಟ್ಟಿ. ಈ ಕಪ್ಪು ಪಟ್ಟಿಯವು ಒಂದು ಕ್ಯಾನ್ಸರ್ ಗಡ್ಡೆಯ ಸಂತತಿ, ಸಾಯೆಂದರೂ ಸಾಯದ ಜಾತಿ. ಒಂದೇ ಒಂದು ತಪ್ಪಿಸಿಕೊಂಡು ಬೇರೆ ತಟ್ಟೆಗೆ ಬಿದ್ದರೂ ಸಾಕು, ತಿಂಗಳೊಳಗೆ ಮನೆಯವರನ್ನೆಲ್ಲ ಹೊರಗೆ ಹಾಕಿ ತಾನೇ ಯಜಮಾನನಾಗುತ್ತದೆ. ಅದನ್ನು ಬೇರೆ ಕೋಣೆಯಲ್ಲೇ ಇಡಬೇಕು. ಆದರೆ ಆ ಕೋಣೆಯ ಏಸಿ ಕೆಟ್ಟು ಎರಡು ತಿಂಗಳಾಗಿತ್ತು. ಬಾಗಿಲಿಗೆ 'ತಾತ್ಕಾಲಿಕ ವ್ಯವಸ್ಥೆ' ಎಂಬ ಚೀಟಿ ಅಂಟಿಸಿ ಎರಡನ್ನೂ ನನ್ನ ಕೋಣೆಗೇ ತಂದಿಟ್ಟಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ನನ್ನ ಪಾಲಿಗೆ ಬಂತು.

ನಾನು ಕಾಯುತ್ತಿದ್ದದ್ದು ಮುಖ್ಯವಾಗಿ ಡಬಲ್ ಡಿಗ್ರಿಯನ್ನು. ಅವನು ನಮ್ಮ ವಿಜ್ಞಾನಿ, ಮೂವತ್ತೈದರ ಗಂಡಸು, ಎರಡು ಪದವಿಯನ್ನೂ ಮಾತಿನಲ್ಲಿ ದಿನಕ್ಕೆರಡು ಸಲ ತೋರಿಸುವವನು. ತೆರೆದ ತಟ್ಟೆಯ ಮುಂದೆ ಕೂತು ಗುನುಗುತ್ತಾನೆ. ಕೈಗವಸು ಬದಲಿಸುವುದನ್ನು ಮರೆಯುತ್ತಾನೆ. ದಾಖಲೆ ಪುಸ್ತಕದಲ್ಲಿ 'ಎರಡನೆಯವರು ನೋಡಿದ್ದಾರೆ' ಎಂಬ ಅಂಕಣಕ್ಕೆ ಭಾನುವಾರದ ಸಹಿಯನ್ನು ಸೋಮವಾರ ಹಾಕುತ್ತಾನೆ. ನಾಲ್ಕು ವರ್ಷದಲ್ಲಿ ನಾನು ಅವನ ಕಿವಿ ಹಿಂಡದ ದಿನವಿಲ್ಲ.

"ಬಾಣಂತಿಯವ್ರೇ, ಸ್ವಲ್ಪ ಉಸಿರಾಡೋಕ್ಕಾದ್ರೂ ಬಿಡಿ," ಎನ್ನುತ್ತಿದ್ದ.

"ತಟ್ಟೆ ಮುಚ್ಚಿ ಎಷ್ಟು ಬೇಕಾದ್ರೂ ಉಸಿರಾಡಪ್ಪ, ಯಾರು ಬೇಡ ಅಂದ್ರು?"

ಈ ಸಲದ ನೀಲಿ ಪಟ್ಟಿಯ ಕೋಶಗಳ ವಿಷಯದಲ್ಲಿ ನನಗಿದ್ದ ಕಟ್ಟುನಿಟ್ಟಿಗೆ ಇನ್ನೊಂದು ಕಾರಣವಿತ್ತು. ಅವು ಹೋಗಬೇಕಿದ್ದ ಎಂಟು ಜನರ ಪಟ್ಟಿಯಲ್ಲಿ ಎರಡನೆಯವಳು ನನ್ನ ಅಕ್ಕ. ಅದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಗಡಿಯಾರ ರಿಪೇರಿಯವಳು. ಭಾವ ತೀರಿಕೊಂಡ ಮೇಲೆ ಅವನ ಅಂಗಡಿಯಲ್ಲಿ, ಅವನ ಮೇಜಿನ ಮುಂದೆ, ಅವನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕೂತವಳು ಮೂವತ್ತು ವರ್ಷ ಏಳಲಿಲ್ಲ. ಅದಕ್ಕೂ ಮುಂಚೆ, ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಅವಳೇ. ಹಣ್ಣು ಹೆಚ್ಚಿದರೆ ಕೊಳೆತ ಭಾಗ ತನಗೆ, ಚೆನ್ನಾಗಿರುವುದು ನನಗೆ. ನಾನು ಕೇಳದಿದ್ದರೂ ಕೊಡುತ್ತಿದ್ದಳು, ಬೇಡವೆಂದರೆ ಬೈದು ಕೊಡುತ್ತಿದ್ದಳು. ಬೈಗುಳ ನನಗೆ ಬಂದಿರುವುದು ಅವಳಿಂದಲೇ.

ನಾಲ್ಕು ವರ್ಷದ ಹಿಂದೆ ಅವಳ ನೋಟದ ನಟ್ಟನಡುವೆ ಒಂದು ಬೂದು ಮಚ್ಚೆ ಮೂಡಿತು. ಅದು ದೊಡ್ಡದಾಗುತ್ತ ಹೋಯಿತು. ಅಂಚಿನದೆಲ್ಲ ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಗಡಿಯಾರವನ್ನು ನೋಡಿದರೆ ಸುತ್ತಲಿನ ಅಂಕಿಗಳಿವೆ, ಮುಳ್ಳುಗಳಿಲ್ಲ. ಎದುರಿಗೆ ನಿಂತವರಿಗೆ ಕಿವಿ ಇದೆ, ಕೂದಲಿದೆ, ಮುಖವಿಲ್ಲ. ಯಾರ ಮುಖವನ್ನಾದರೂ ಕಾಣಬೇಕೆನಿಸಿದರೆ ಅವಳು ಕತ್ತನ್ನು ಪಕ್ಕಕ್ಕೆ ತಿರುಗಿಸಿ ಗೋಡೆಯ ಕಡೆ ನೋಡಬೇಕು, ಆಗ ಅಂಚಿನಲ್ಲಿ ಆ ಮುಖ ಮಸುಕಾಗಿ ಬರುತ್ತದೆ. ಗೊತ್ತಿಲ್ಲದವರಿಗೆ ಮುಖ ತಿರುಗಿಸಿಕೊಂಡಳೆಂದು ಅವಮಾನವಾಗುತ್ತಿತ್ತು. ಬೇಡದ ಗಿರಾಕಿ ಬಂದರೆ ಮಾತ್ರ ನೆಟ್ಟಗೆ ಅವನನ್ನೇ ನೋಡುತ್ತಿದ್ದಳು.

"ಅವನಿಗೆ ಮರ್ಯಾದೆ ಕೊಟ್ಟಂಗೂ ಆಯ್ತು, ಆ ದರಿದ್ರ ಮೂತಿ ನೋಡೋದು ತಪ್ಪಿದಂಗೂ ಆಯ್ತು," ಎಂದು ಆಮೇಲೆ ನಗುತ್ತಿದ್ದಳು. ನನ್ನ ಜೊತೆ ಮಾತಾಡುವಾಗಲೆಲ್ಲ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದಳು.

ಪಟ್ಟಿಗೆ ಅವಳನ್ನು ಸೇರಿಸಿದ್ದು ನಾನಲ್ಲ. ಕಣ್ಣಾಸ್ಪತ್ರೆಯ ಶಸ್ತ್ರವೈದ್ಯೆ ಪರೀಕ್ಷೆ ಮಾಡಿ ಆರಿಸಿದ್ದು. ನರಗಳು ಇನ್ನೂ ಬದುಕಿವೆ, ಆದರೆ ಅವಕ್ಕೆ ಆರೇಳು ತಿಂಗಳಿಗಿಂತ ಹೆಚ್ಚು ಆಯುಷ್ಯವಿಲ್ಲ, ಅಷ್ಟರೊಳಗೆ ಹೊಸ ಪದರ ಹಾಕಿದರೆ ಗಡಿಯಾರದ ಮುಳ್ಳು ಕಂಡರೂ ಕಾಣಬಹುದು ಎಂದರು. ಒಪ್ಪಿಗೆ ಪತ್ರದ ಹದಿನೇಳು ಪುಟಗಳನ್ನು ಅಕ್ಕನಿಗೆ ಓದಿ ಹೇಳಿದವಳು ನಾನು. ಒಂದು ಸಲಕ್ಕೆ ಒಂದೇ ಕಣ್ಣು ಎಂಬ ಕಡೆ ಅವಳು ಸಿಡುಕಿದಳು.

"ಎರಡಕ್ಕೂ ಹಾಕೋಕೇನು ರೋಗ ಅವ್ರಿಗೆ?"

"ಏನಾದ್ರೂ ಎಡವಟ್ಟಾದ್ರೆ ಇನ್ನೊಂದು ಉಳೀಲಿ ಅಂತ."

"ಎಡವಟ್ಟು ಯಾಕಾಗುತ್ತೆ? ನೀನೇ ತಾನೆ ಬೆಳೆಸೋದು?"

ನನಗೆ ಬೇರೆ ಫಾರಂ ಬಂದಿತ್ತು, ಸಿಬ್ಬಂದಿಯದು. 'ಈ ಪ್ರಯೋಗದ ರೋಗಿಗಳಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?' ಹೌದು ಎಂದರೆ ನನ್ನನ್ನು ಆ ಕೆಲಸದಿಂದ ತೆಗೆದು ಡಬಲ್ ಡಿಗ್ರಿಯ ಕೈಗೆ ಕೊಡುತ್ತಿದ್ದರು. ನನ್ನ ಅಕ್ಕನ ಕಣ್ಣು, ಗುನುಗುವ ಗಂಡಸಿನ ಕೈಗೆ! ಕಚೇರಿಯಲ್ಲಿ ಕೂತು ಬೆಳಗಿಂದ ಸಂಜೆವರೆಗೆ ಪ್ರಶ್ನೆ ಹುಟ್ಟಿಸುವವರಿಗೆ ಲ್ಯಾಬಿನ ಗಂಧಗಾಳಿ ಗೊತ್ತಿಲ್ಲ ಎಂದು ಬೈದುಕೊಂಡೆ. 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದೆ.

ಕೋಶಗಳು ಆ ಸಲ ಭರ್ಜರಿಯಾಗಿ ಬೆಳೆದವು. ಕಣ್ಣಿನ ಪದರದ ಕೋಶಗಳು ಸ್ವಭಾವದಿಂದ ನಿಧಾನ, ತಟ್ಟೆ ತುಂಬಲು ಹತ್ತು ದಿನ ಹಿಡಿಯುತ್ತವೆ. ಇವು ಏಳಕ್ಕೇ ತುಂಬಿದವು. ಮುಖ್ಯಸ್ಥರು ಬಂದು ತಟ್ಟೆಯ ಜೊತೆ ಫೋಟೋ ತೆಗೆಸಿಕೊಂಡರು. ನಮ್ಮ ಮುಖ್ಯಸ್ಥರು ಸೀನುವುದಿದ್ದರೂ ಪತ್ರಿಕೆಯವರನ್ನು ಕರೆದು ಸೀನುವ ಪೈಕಿ. ನನಗೂ ಹಿಗ್ಗು. ಇಪ್ಪತ್ತೆರಡು ವರ್ಷದ ಅನುಭವವಿದ್ದವಳು, ನಿಧಾನದವು ಚುರುಕಾದರೆ ಹೆದರಬೇಕೆಂದು ಗೊತ್ತಿದ್ದವಳು, ಅಕ್ಕನ ಪಾಲಿನವು ಬಲವಾಗಿವೆ ಎಂದು ಒಳಗೊಳಗೇ ಬೀಗಿದೆ. ಕೋಶಗಳನ್ನು ಸೀಸೆಗಳಿಗೆ ತುಂಬಿ ಶೈತ್ಯದಲ್ಲಿಟ್ಟೆವು. ಕೋಶಗಳ ಗುರುತಿನ ಪರೀಕ್ಷೆಯನ್ನು, ಅಂದರೆ ಇವು ಯಾರ ಸಂತತಿ ಎಂದು ಬೆರಳಚ್ಚಿನಂತೆ ನೋಡುವ ಪರೀಕ್ಷೆಯನ್ನು, ಬೆಳೆಸುವ ಮೊದಲೇ ಮಾಡಿಸಿ ಆಗಿತ್ತು. ಬೆಳೆದ ಮೇಲೆ ಇನ್ನೊಮ್ಮೆ ಮಾಡಿಸಲಿಲ್ಲ. ಸರ್ಕಾರದ ನಿಯಮದಲ್ಲಿ 'ಒಮ್ಮೆ ಮಾಡಿಸತಕ್ಕದ್ದು' ಎಂದಿದೆ, ಯಾವಾಗ ಎಂದಿಲ್ಲ.

ಮೊದಲ ರೋಗಿ ಒಬ್ಬ ಬಡಗಿ. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಲ್ಯಾಬ್ ನೋಡಲು ಬಂದಿದ್ದ. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಗಾಜಿನ ಮುಂದೆ ನಿಂತು, "ಇದ್ರಲ್ಲಿ ನನ್ನವು ಯಾವುವಮ್ಮ?" ಎಂದು ಕೇಳಿದ. ತೋರಿಸಿದೆ. ಕಂಡಿತೋ ಇಲ್ಲವೋ, ಕೈ ಮುಗಿದ. ಹೋಗುವಾಗ ಸೂಕ್ಷ್ಮದರ್ಶಕದ ಮುಂದಿನ ನನ್ನ ಸ್ಟೂಲನ್ನು ಕೈಯಲ್ಲಿ ಸವರಿ ಅಲುಗಾಡಿಸಿದ. "ಇಂಥದ್ರ ಮೇಲೆ ಕೂತು ಕೆಲಸ ಮಾಡ್ತೀರಲ್ಲ, ಸೊಂಟ ಏನಾಗ್ಬೇಕು? ಮಾಡಿದವನಿಗೆ ನಾಲ್ಕು ಬಿಗೀಬೇಕು," ಎಂದ. ಅವನ ಎಡಗಣ್ಣಿಗೆ ಕೋಶ ಹಾಕಿದ ವಾರಕ್ಕೆ ಒಂದು ಹೊಸ ಸ್ಟೂಲು ಬಂತು. ನನ್ನ ಎತ್ತರಕ್ಕೆ ಸರಿಯಾಗಿ, ಅಂಚುಗಳನ್ನು ನುಣ್ಣಗೆ ಉಜ್ಜಿ ಮಾಡಿದ್ದು. ಕಣ್ಣು ಕಾಣದವನು ಬೆರಳಿನಲ್ಲೇ ಅಳೆದು ಮಾಡಿದ್ದ.

ಆ ಸ್ಟೂಲಿನ ಮೇಲೆ ಕೂತೇ ನಾನು ಅದನ್ನು ನೋಡಿದ್ದು. ಉಳಿಸಿಕೊಂಡಿದ್ದ ಒಂದು ತಟ್ಟೆಯಲ್ಲಿ ಕಾಫಿ ಬಣ್ಣದ ಕೋಶಗಳು ಹಾಸುಗಲ್ಲಿನಂತೆ ಒತ್ತಾಗಿ ಕೂತಿರಬೇಕಿತ್ತು. ನಡುನಡುವೆ ಬಣ್ಣವಿಲ್ಲದ, ಉದ್ದುದ್ದದ, ಮೈಚಾಚಿದ ಕೋಶಗಳು ಕಂಡವು. ಆ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಕಪ್ಪು ಪಟ್ಟಿಯ ಬಾಟಲಿಯಿಂದ ಅವಕ್ಕೂ ನಾನೇ ಊಟ ಹಾಕುವುದು.

ನನಗೆ ಬಂದದ್ದು ಭಯವಲ್ಲ, ಸಿಟ್ಟು. ಗುನುಗುವವನು ಕೊನೆಗೂ ಮಾಡಿಟ್ಟ ಎಂದುಕೊಂಡೆ. ಆಗಲೇ ಕಣ್ಣಾಸ್ಪತ್ರೆಗೆ ಫೋನು ಮಾಡಬೇಕಿತ್ತು. ನಾನು ಮಾಡಲಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಅವನು ಜಾರಿಕೊಳ್ಳುತ್ತಾನೆ, ಕಾಗದ ಕೈಗೆ ಬರಲಿ, ಆಮೇಲೆ ಅವನ ಎರಡು ಪದವಿಯನ್ನೂ ಸುಟ್ಟು ಬೂದಿ ಮಾಡುತ್ತೇನೆ ಎಂದು ಯಾರಿಗೂ ಹೇಳದೆ ಚೂರು ಕೋಶವನ್ನು ಗುರುತಿನ ಪರೀಕ್ಷೆಗೆ ಕಳಿಸಿದೆ. ಫಲಿತಾಂಶ ಬರಲು ಐದು ದಿನ ಹಿಡಿಯಿತು. ಆ ಐದು ದಿನ ಬಡಗಿಯ ಕಣ್ಣಿನೊಳಗೆ ಅವು ಏನು ಮಾಡುತ್ತಿದ್ದವು ಎಂದು ನಾನು ಒಂದು ಸಲವೂ ಯೋಚಿಸಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಫಲಿತಾಂಶ ನಾನು ಎಣಿಸಿದಂತೆಯೇ ಬಂತು. ನೂರರಲ್ಲಿ ಆರು ಪಾಲು ಕಪ್ಪು ಪಟ್ಟಿಯವು. ಕಾಗದ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ನುಗ್ಗಿದೆ. ಡಬಲ್ ಡಿಗ್ರಿ ಅಲ್ಲೇ ಕೂತಿದ್ದ.

"ನೋಡಿ ನಿಮ್ಮ ಮುದ್ದಿನ ವಿಜ್ಞಾನಿ ಮಾಡಿರೋ ಘನಕಾರ್ಯ," ಎಂದು ಕಾಗದವನ್ನು ಮೇಜಿನ ಮೇಲೆ ಬಡಿದೆ. "ಒಬ್ಬ ಮನುಷ್ಯನ ಕಣ್ಣಿಗೆ ಕ್ಯಾನ್ಸರ್ ಹಾಕಿದ್ದೀವಿ. ನಾಲ್ಕು ವರ್ಷ ಬಡ್ಕೊಂಡೆ, ಕೇಳಿದ್ರಾ ಯಾರಾದ್ರೂ?"

ಡಬಲ್ ಡಿಗ್ರಿ ಕಾಗದ ಓದಿದ. ಮತ್ತೆ ಓದಿದ. ಎದ್ದು ಹೋಗಿ ದಾಖಲೆ ಪುಸ್ತಕ ತಂದ. ಕೋಶಗಳು ಬೆಳೆಯುತ್ತಿದ್ದ ವಾರಗಳ ಪುಟಗಳನ್ನು ಬೆರಳಿಟ್ಟು ಓದುತ್ತ ಹೋದ. ದಿನಾಂಕ, ಕೋಶ, ಬಾಟಲಿಯ ಸಂಖ್ಯೆ, ಸಹಿ. ಒಂದು ಪುಟದಲ್ಲಿ ಬೆರಳು ನಿಂತಿತು. ಪುಸ್ತಕವನ್ನು ನನ್ನ ಕಡೆ ತಿರುಗಿಸಿದ.

"ಇದು ಯಾರ ಅಕ್ಷರ, ನೀವೇ ಹೇಳಿ," ಎಂದ.

ಭಾನುವಾರ. ಕಪ್ಪು ಪಟ್ಟಿಯ ಕೋಶಗಳಿಗೆ ಬಾಟಲಿ ಮುನ್ನೂರ ಹನ್ನೆರಡು. ಅದರ ಕೆಳಗಿನ ಸಾಲಿನಲ್ಲಿ ನೀಲಿ ಪಟ್ಟಿಯ ಕೋಶಗಳಿಗೆ ಬಾಟಲಿ ಮುನ್ನೂರ ಹನ್ನೆರಡು. ಎರಡೂ ಸಾಲಿನ ಮುಂದೆ ನನ್ನ ಸಹಿ.

ಆಗ ನೆನಪಾಯಿತು. ಆ ಬೆಳಿಗ್ಗೆ ಅಕ್ಕ ಫೋನು ಮಾಡಿ, ಗಿರಾಕಿಯೊಬ್ಬನ ಗಡಿಯಾರದ ಮುಳ್ಳು ಮುರಿದೆನೆಂದು ಅತ್ತಿದ್ದಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಲ್ಯಾಬಿಗೆ ಬಂದು ಕಪ್ಪು ಪಟ್ಟಿಯವಕ್ಕೆ ಹೊಸ ಬಾಟಲಿ ತೆರೆದು ಊಟ ಹಾಕಿದೆ. ಆಮೇಲೆ ನೀಲಿ ಪಟ್ಟಿಯ ಬಾಟಲಿ ತೆಗೆದೆ. ಅದನ್ನು ತೆರೆದು ಹತ್ತು ದಿನವಾಗಿತ್ತು. ಹದಿನಾಲ್ಕು ದಿನ ಬಳಸಬಹುದು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಪಕ್ಕದಲ್ಲೇ ತಾಜಾ ಬಾಟಲಿ ಇತ್ತು. ಔಷಧಿ ಪರೀಕ್ಷೆಯ ಕೋಶಕ್ಕೆ ತಾಜಾದು, ನನ್ನ ಅಕ್ಕನ ಕಣ್ಣಿಗೆ ಹಳಸಲು, ಇದ್ಯಾವ ನ್ಯಾಯ ಎಂದು ಅನ್ನಿಸಿತು. ಒಂದು ಸಲಕ್ಕೆ ಏನಾಗುತ್ತದೆ, ನನ್ನ ಕೈ ಶುದ್ಧ ಎಂದುಕೊಂಡೆ. ಒಳ್ಳೆಯದನ್ನು ಅವಳ ತಟ್ಟೆಗೆ ಹಾಕಿದೆ. ಆ ಬಾಟಲಿಯೊಳಗೆ ಆಗಲೇ ಕಪ್ಪು ಪಟ್ಟಿಯವುಗಳ ತಟ್ಟೆಯಿಂದ ಒಂದು ಹನಿ ಹಿಂದಕ್ಕೆ ಬಿದ್ದಿತ್ತು. ಮನಸ್ಸು ಕದ್ದು ಮಾಡಿದ ಕೆಲಸವನ್ನು ಕೈ ಅಭ್ಯಾಸಬಲದಿಂದ ನಿಜವಾಗಿ ಬರೆದಿಟ್ಟಿತ್ತು.

ನಾಲ್ಕು ವರ್ಷದ ಸೇಡು ತೀರಿಸಿಕೊಳ್ಳಲು ಡಬಲ್ ಡಿಗ್ರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಅವನು ತನ್ನ ಸಹಿಯನ್ನು ತೋರಿಸಿದ. ಎರಡನೆಯವರು ನೋಡಿದ್ದಾರೆ ಎಂಬ ಅಂಕಣ, ಸೋಮವಾರ ಹಾಕಿದ್ದು.

"ನಿಮ್ಮ ಪುಟ ನಾನು ಯಾವತ್ತೂ ಓದ್ತಿರ್ಲಿಲ್ಲ," ಎಂದ. "ಯಾಕೆ ಗೊತ್ತಾ? ನೀವು ತಪ್ಪು ಮಾಡ್ತೀರ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ." ಬಾಗಿಲು ಹಾಕಿಕೊಂಡು ಹೊರಗೆ ಹೋದ.

ಮುಖ್ಯಸ್ಥರು ಸ್ವಲ್ಪ ಹೊತ್ತು ಕಿಟಕಿಯಾಚೆ, ಗೇಟಿನ ಗುಂಪಿನ ಕಡೆ ನೋಡುತ್ತ ನಿಂತರು. ಆಮೇಲೆ ಬಾಗಿಲ ಚಿಲಕ ಹಾಕಿ ಬಂದು ಕೂತರು.

"ಎರಡನೇ ಪೇಷಂಟು ನಿಮ್ಮ ಅಕ್ಕ ಅಲ್ವಾ?"

ನಾನು ಬೆಚ್ಚಿದೆ. "ನಿಮಗೆ ಹೇಗೆ..."

"ಆಸ್ಪತ್ರೆಗೆ ಕರ್ಕೊಂಡು ಬಂದಾಗ ನೋಡಿದೀನಿ. ಇಬ್ಬರದ್ದೂ ಒಂದೇ ಮೂಗು. ನಾನೇನೂ ಕೇಳ್ಲಿಲ್ಲ, ಇನ್ನೂ ಚೆನ್ನಾಗಿ ಕೆಲಸ ಮಾಡ್ತೀರ ಅಂತ ಸುಮ್ಮನಿದ್ದೆ." ಕಾಗದವನ್ನು ನಾಲ್ಕಾಗಿ ಮಡಚಿದರು. "ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಇನ್‌ಕ್ಯುಬೇಟರ್ ಕೆಟ್ಟುಹೋಯ್ತು, ಬ್ಯಾಚ್ ಹಾಳಾಯ್ತು ಅಂತ ಬರೆಯೋಣ. ಮಷೀನು ಕೆಡುತ್ತೆ, ಯಾರ ತಪ್ಪೂ ಅಲ್ಲ. ಆ ಭಾನುವಾರಕ್ಕೂ ಮುಂಚೆ ಶೈತ್ಯದಲ್ಲಿಟ್ಟ ಕೋಶ ಇದಾವೆ. ಅದರಿಂದ ಹೊಸದಾಗಿ ಬೆಳೆಸಿ, ಪರೀಕ್ಷೆ, ಅನುಮತಿ ಎಲ್ಲ ಮುಗಿಸಿದ್ರೆ ಐದು ತಿಂಗಳು. ನಿಮ್ಮ ಅಕ್ಕನ ಕಣ್ಣಿಗೆ ಇನ್ನೂ ಟೈಮ್ ಇರುತ್ತೆ."

"ಬಡಗಿಗೆ?"

"ಪ್ರತಿ ತಿಂಗಳು ಚೆಕಪ್ ಇದ್ದೇ ಇದೆ. ಏನಾದ್ರೂ ಕಂಡ್ರೆ ಆಗ ನೋಡ್ಕೊಳ್ಳೋಣ."

"ಕಾಣೋ ಹೊತ್ತಿಗೆ ಅದು ಮಿದುಳಿಗೆ ಹೋಗಿರುತ್ತೆ."

"ಹೋಗ್ದೇನೂ ಇರಬಹುದು!" ಅವರ ದನಿ ಏರಿತು. "ವರದಿ ಕೊಟ್ರೆ ಏನಾಗುತ್ತೆ ಗೊತ್ತಾ ನಿಮಗೆ? ಲೈಸೆನ್ಸು ಹೋಗುತ್ತೆ. ತನಿಖೆ ಅಂತ ಎರಡು ವರ್ಷ ಬೀಗ. ಹೊರಗಡೆ ಇದಾರಲ್ಲ, ಅವರಿಗೆ ಹಬ್ಬ. ಕಾನೂನೇ ಬದಲಾಯಿಸಿ ಅಂತ ಮೆರವಣಿಗೆ ಹೋಗ್ತಾರೆ. ಎಂಟು ಜನ ಅಲ್ಲ, ಮುಂದೆ ಬರೋ ಸಾವಿರ ಜನರ ಕಣ್ಣು ಹೋಗುತ್ತೆ. ಅದರಲ್ಲಿ ಮೊದಲನೇದು ನಿಮ್ಮ ಅಕ್ಕಂದು. ನೀವು ಫಾರಮ್ಮಲ್ಲಿ ಸುಳ್ಳು ಬರೆದಿದ್ದಕ್ಕೆ ಅವರ ಹೆಸರು ಅವತ್ತೇ ಹೊಡೆದು ಹಾಕ್ತಾರೆ. ಯೋಚನೆ ಮಾಡಿ."

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ತಿಪ್ಪೆ ಸಾರಿಸುವವರು ಇಷ್ಟು ಸರಿಯಾದ ಮಾತು ಆಡಬಾರದು. ನನಗೆ ಹೂಂ ಎನ್ನಬೇಕೆನಿಸಿತು. ನಿಜವಾಗಿ, ಪೂರ್ತಿ ಮನಸ್ಸಿನಿಂದ ಅನ್ನಿಸಿತು. ಬಡಗಿ ಯಾರು ನನಗೆ? ಒಂದೇ ಒಂದು ಸಲ ನೋಡಿದ ಮನುಷ್ಯ. ಕೊಳೆತ ಭಾಗ ತಿಂದು ನನ್ನನ್ನು ಸಾಕಿದ್ದು ಅವನಲ್ಲ.

"ಯೋಚಿಸ್ತೀನಿ," ಎಂದು ಹೇಳಿ ನನ್ನ ಕೋಣೆಗೆ ಬಂದೆ. ತಟ್ಟೆಗಳ ದ್ರವ ಹಳದಿಗೆ ತಿರುಗುತ್ತಿತ್ತು, ಊಟದ ಹೊತ್ತು ಮೀರಿತ್ತು. ಅಭ್ಯಾಸದಂತೆ ಸೂಕ್ಷ್ಮದರ್ಶಕದ ಮುಂದೆ ಕೂತೆ. ಸ್ಟೂಲು ಅಲುಗಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಸೊಂಟದ ಬಗ್ಗೆ ಯೋಚಿಸಿದವನು ಅವನೊಬ್ಬನೇ. ಆ ಹಾಳು ಸ್ಟೂಲನ್ನು ಅವನು ಯಾಕಾದರೂ ಕಳಿಸಿದನೋ ಎಂದು ಅವನಿಗೂ ಬೈದೆ. ಬೈಯುತ್ತಲೇ ಕಣ್ಣಾಸ್ಪತ್ರೆಯ ಶಸ್ತ್ರವೈದ್ಯೆಗೆ ಫೋನು ಮಾಡಿದೆ. ಮೊದಲು ನನ್ನ ಹೆಸರು ಹೇಳಿದೆ, ಆಮೇಲೆ ಬಾಟಲಿಯ ಸಂಖ್ಯೆ ಹೇಳಿದೆ, ಕೊನೆಗೆ ಅಕ್ಕನ ಹೆಸರು ಹೇಳಿದೆ.

ಅವತ್ತೇ ಸಂಜೆ ಬಡಗಿಯನ್ನು ಕರೆಸಿಕೊಂಡು ಕಣ್ಣು ತೊಳೆದರು. ಹಾಕಿದ ಪದರವನ್ನೆಲ್ಲ ಕೆರೆದು ತೆಗೆದರು, ಅದರ ಜೊತೆಗೆ ಆ ಕಣ್ಣಿನಲ್ಲಿ ಉಳಿದಿದ್ದ ಚೂರುಪಾರು ನೋಟವೂ ಹೋಯಿತು. ಗಡ್ಡೆ ಇನ್ನೂ ಬೇರು ಬಿಟ್ಟಿರಲಿಲ್ಲ, ಜೀವಕ್ಕೆ ಅಪಾಯವಿಲ್ಲ ಎಂದರು. ಇನ್ನೊಂದು ಕಣ್ಣು ಮೊದಲಿದ್ದಷ್ಟೇ ಇದೆ. ಅವನು ಏನೂ ಹೇಳಿ ಕಳಿಸಲಿಲ್ಲ. ನಾನು ನೋಡಲು ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ತಡೆದಳು. "ಸ್ಟೂಲು ವಾಪಸ್ ಕಳಿಸಿ," ಎಂದಷ್ಟೇ ಹೇಳಿದಳು. ಮರುದಿನ ಕಳಿಸಿದೆ.

ಮೂರನೆಯ ದಿನ, ಲೈಸೆನ್ಸು ಕೊಡುವ ಸರ್ಕಾರಿ ಪ್ರಾಧಿಕಾರದ ತನಿಖಾಧಿಕಾರಿ ಬಂದರು. ಕನ್ನಡಕ ಹಾಕಿದ, ನನ್ನ ವಯಸ್ಸಿನ ಹೆಂಗಸು, ಮುಗುಳ್ನಗೆಯನ್ನು ಮನೆಯಲ್ಲೇ ಬಿಟ್ಟು ಬಂದವರು. ಶೈತ್ಯಪೆಟ್ಟಿಗೆಗೆ ಮೊಹರು ಹಾಕಿಸಿದರು. ಏಸಿ ಕೆಟ್ಟ ಕೋಣೆಯ ಚೀಟಿಯನ್ನು ಕಿತ್ತು ಕಡತಕ್ಕೆ ಸೇರಿಸಿಕೊಂಡರು. ಗುರುತಿನ ಪರೀಕ್ಷೆಯ ನಿಯಮ ಓದಿ, "ಇದನ್ನ ಬರೆದವರು ನಮ್ಮೋರೇ," ಎಂದು ಹಲ್ಲು ಕಚ್ಚಿ ಬರೆದುಕೊಂಡರು. ಕೊನೆಗೆ ನಾನು 'ಇಲ್ಲ' ಎಂದು ಗುರುತು ಹಾಕಿದ ಫಾರಮ್ಮನ್ನು ನನ್ನ ಮುಂದಿಟ್ಟರು.

"ನಿಮ್ಮ ಅಕ್ಕ ಈ ಪಟ್ಟೀಲಿ ಇರದೇ ಇದ್ರೆ, ಅವತ್ತು ಆ ಬಾಟಲಿ ಮುಟ್ತಿದ್ರಾ?"

ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ. "ಇಲ್ಲ," ಎಂದೆ.

"ಅದಕ್ಕೇ ಈ ಪ್ರಶ್ನೆ ಇರೋದು."

ಮುಖ್ಯಸ್ಥರನ್ನು ರಜೆಯ ಮೇಲೆ ಕಳಿಸಿದರು. ಡಬಲ್ ಡಿಗ್ರಿಯನ್ನು ನೋಡದೆ ಸಹಿ ಹಾಕಿದ್ದಕ್ಕೆ ಅಮಾನತು ಮಾಡಿದರು. ನನ್ನನ್ನು ಕೆಲಸದಿಂದ ತೆಗೆದರು. ಹೊರಗೆ ಬಂದರೆ ಗೇಟಿನಲ್ಲಿ ಚಪ್ಪಾಳೆ. ಮೇಷ್ಟ್ರು ಕುರ್ಚಿಯಿಂದೆದ್ದು ಬಂದು ಒಂದು ಹೂಗುಚ್ಛ ಚಾಚಿದರು.

"ಕೊನೆಗೂ ನಿಮ್ಮ ಕಣ್ಣು ತೆರೀತು, ತಾಯಿ."

"ಮೇಷ್ಟ್ರೇ, ನಾನು ತಪ್ಪಿದ್ದು ಬಾಟಲಿಯಲ್ಲಿ, ಭ್ರೂಣದ ಲೆಕ್ಕದಲ್ಲಲ್ಲ. ನಿಮ್ಮ ಹೂವು ನೀವೇ ಇಟ್ಕೊಳ್ಳಿ, ನಿಮ್ಮ ಫೋಟೋಗೆ ಹಾರ ಹಾಕೋ ದಿನ ಉಪಯೋಗಕ್ಕೆ ಬರುತ್ತೆ."

"ಸೋತವರು ಹೀಗೇ ಮಾತಾಡೋದು," ಎಂದು ಅವರು ನಕ್ಕರು. ಅವರ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ, ಬಸ್ ನಿಲ್ದಾಣದ ಕಡೆ ನಡೆದೆ.

ಅಕ್ಕನಿಗೆ ಆಸ್ಪತ್ರೆಯವರು ಪಟ್ಟಿಯಿಂದ ತೆಗೆದದ್ದನ್ನು ಮಾತ್ರ ತಿಳಿಸಿದ್ದರು. ಯಾಕೆಂದು ಹೇಳುವುದು ನನ್ನ ಪಾಲಿಗಿತ್ತು. ಅಂಗಡಿಗೆ ಹೋದಾಗ ಮಧ್ಯಾಹ್ನ. ಗೋಡೆಯ ತುಂಬ ಗಡಿಯಾರ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಮೊದಲಾಗಿದ್ದರೆ ಎಲ್ಲಕ್ಕೂ ಒಂದೇ ಹೊತ್ತು ಇರುತ್ತಿತ್ತು. ಅಕ್ಕ ಯಾರದೋ ಕೈಗಡಿಯಾರದ ಪಟ್ಟಿಯನ್ನು ಬೆರಳಿನಲ್ಲಿ ತಡವಿ ಸಿಕ್ಕಿಸುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಕತ್ತನ್ನು ಕ್ಯಾಲೆಂಡರಿನ ಕಡೆ ತಿರುಗಿಸಿದಳು.

"ಬಾ. ಮುಖ ಯಾಕೆ ಬಾಡಿದೆ? ಊಟ ಮಾಡ್ಲಿಲ್ವಾ?"

ಎಲ್ಲವನ್ನೂ ಹೇಳಿದೆ. ಭಾನುವಾರದ ಫೋನಿನಿಂದ ಹಿಡಿದು ಸ್ಟೂಲಿನವರೆಗೆ ಒಂದನ್ನೂ ಬಿಡಲಿಲ್ಲ. ಅವಳು ಕ್ಯಾಲೆಂಡರನ್ನು ನೋಡುತ್ತಲೇ ಕೇಳಿದಳು. ನಡುವೆ ಒಮ್ಮೆ ಬೆರಳು ನಿಂತಿತು, ಅಷ್ಟೇ.

"ತಾಜಾ ಬಾಟಲಿ ಕೊಡು ಅಂತ ನಾನು ಕೇಳಿದ್ನಾ?"

"ಇಲ್ಲ."

"ಮತ್ಯಾಕೆ ಕೊಟ್ಟೆ?"

"ನೀನು ನಂಗೆ ಕೊಡ್ತಿರ್ಲಿಲ್ವಾ? ಕೇಳದೇ ಇದ್ರೂ?"

"ನಾನು ನನ್ನ ಪಾಲಿಂದು ಕೊಟ್ಟೆ," ಎಂದಳು ಅಕ್ಕ. "ಇನ್ನೊಬ್ಬರ ತಟ್ಟೇಲಿ ಕೈ ಹಾಕಿ ಕೊಡ್ಲಿಲ್ಲ."

ಗಡಿಯಾರದ ಪಟ್ಟಿಯ ಇನ್ನೊಂದು ತುದಿಯನ್ನೂ ಸಿಕ್ಕಿಸಿ ಅವಳೇ ಮತ್ತೆ ಕೇಳಿದಳು. ಈ ಸಲ ದನಿ ಸಣ್ಣದಾಗಿತ್ತು.

"ಆ ಮಷೀನು ಕೆಟ್ಟುಹೋಯ್ತು ಅಂತ ಬರೆದಿದ್ರೆ ನಂಗೆ ಐದು ತಿಂಗಳಲ್ಲಿ ಆಗೋದಾ?"

"ಆಗೋದು."

"ನೀನು ಬರೀಲಿಲ್ಲ."

"ಬರೀಲಿಲ್ಲ. ಅವನು ಸಾಯ್ತಿದ್ದ ಅಕ್ಕ."

"ಸರಿ ಮಾಡಿದೆ," ಎಂದಳು. "ಯಾರನ್ನ ಕೇಳಿದ್ರೂ ಸರಿ ಅಂತಾರೆ. ನಾನೂ ಅಂತೀನಿ." ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟಳು. ಭಾವನ ಭೂತಗನ್ನಡಿಯನ್ನು ತಡವಿ ಎತ್ತಿ ಡ್ರಾಯರಿನೊಳಗೆ ಹಾಕಿದಳು, ಡ್ರಾಯರು ಮುಚ್ಚಿದಳು. "ಇನ್ನು ಹೊರಡು. ಬಸ್ಸು ತಪ್ಪುತ್ತೆ."

"ಅಕ್ಕ..."

ಅವಳು ಕ್ಯಾಲೆಂಡರಿನಿಂದ ಕತ್ತನ್ನು ನಿಧಾನವಾಗಿ ಈಚೆ ತಿರುಗಿಸಿದಳು. ನೆಟ್ಟಗೆ ನನ್ನನ್ನೇ ನೋಡಿದಳು. ನಾನು ಎದ್ದು ಚೀಲ ತೆಗೆದುಕೊಂಡು, ಚಪ್ಪಲಿ ಹಾಕಿಕೊಂಡು, ಬಾಗಿಲು ದಾಟುವವರೆಗೂ ಅವಳು ಹಾಗೆಯೇ ನೋಡುತ್ತಿದ್ದಳು.